ಎರಡು ಕಡೆ ಮನೆ, ಒಂದೇ ತೋಟ



ಮಕ್ಕಳ ವಿದ್ಯಾಭ್ಯಾಸಕ್ಕೆಂದು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಮನೆ ಮಾಡಿ, ತೋಟಕ್ಕೆ ವಾರಕ್ಕೊಮ್ಮೆ ಬಂದುಹೋಗುವ ಬೆಳೆಗಾರರು ನಮ್ಮ ಮಲೆನಾಡಿನಲ್ಲಿ ಹಲವರಿದ್ದಾರೆ. ನಾನೂ ಎಂಟು ವರ್ಷ ಹಾಗೆಯೇ ಇದ್ದವನು. ಆದ್ದರಿಂದ ಯಾರನ್ನೂ ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ಎರಡು ಕಡೆಯ ವಾಸದಿಂದ ತೋಟಕ್ಕೂ ಊರಿಗೂ ಏನಾಗುತ್ತದೆ, ಅದಕ್ಕೆ ಏನು ಮಾಡಬಹುದು ಎಂಬುದನ್ನು ವಿಚಾರ ಮಾಡುವುದಷ್ಟೇ ಉದ್ದೇಶ.

ತೋಟದ ಕೆಲಸ ಭಾನುವಾರ ನೋಡಿಕೊಂಡು ಬರುವುದಿಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕೆಂಬುದು ತಮಗೆ ಗೊತ್ತಿದ್ದದ್ದೇ. ಎರಡನೆಯ ಸಲಕ್ಕೆ ಮಳೆ ಹೊಳವಾಗುವುದನ್ನು ಕಾಯಬೇಕು. ಒಂದು ವರ್ಷ ಪುಷ್ಯ ಮಳೆಯ ನಡುವೆ ಮೂರು ದಿನ ಬಿಸಿಲು ಬಂತು. ನಾನು ಬೆಂಗಳೂರಿನಲ್ಲಿದ್ದೆ. ಕೊನೆಗಾರರು ಬಂದು, ಔಷಧಿಯ ಕೋಣೆಗೆ ಬೀಗ ಹಾಕಿದ್ದನ್ನು ನೋಡಿ ಪಕ್ಕದ ತೋಟಕ್ಕೆ ಹೋದರು. ನಾನು ಬರುವಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು. ತಗ್ಗಿನ ತೋಟದ ಅರ್ಧ ಫಸಲು ಉದುರಿತು. ತಪ್ಪು ಕೊನೆಗಾರರದ್ದಲ್ಲ, ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಈ ನಷ್ಟ ನನಗೊಬ್ಬನಿಗೇ ಆಯಿತು. ಎಲ್ಲ ನಷ್ಟವೂ ಹಾಗಲ್ಲ. ಅರೇಬಿಕಾದ ಬಿಳಿ ಕಾಂಡಕೊರಕದ ದುಂಬಿಗಳು ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್‌ನಲ್ಲಿ ಹೊರಬರುತ್ತವೆ. ಅದಕ್ಕೆ ಮೊದಲೇ ಹುಳು ಬಿದ್ದ ಗಿಡಗಳನ್ನು ಗುರುತಿಸಿ, ಕಿತ್ತು ಸುಡಬೇಕು. ಒಡೆಯರು ಊರಲ್ಲಿಲ್ಲದೆ ಉಳಿದ ಗಿಡದ ಹುಳು ಪಕ್ಕದವರ ತೋಟಕ್ಕೂ ಹಬ್ಬುತ್ತದೆ.

ಊರಿನ ವಿಷಯವೂ ಇದೇ ರೀತಿ. ಹತ್ತು ಮನೆಯ ಮಕ್ಕಳು ಪೇಟೆಗೆ ಹೋದರೆ ಶಾಲೆಯ ಹಾಜರಿ ಇಳಿಯುತ್ತದೆ; ಕಷ್ಟಪಡುವವರು ಬೇರೆ ದಾರಿಯಿಲ್ಲದ ಕೂಲಿಯವರ ಮಕ್ಕಳು. ದಿನಸಿ ಪೇಟೆಯಿಂದ ಬಂದರೆ ಊರಿನ ಅಂಗಡಿ ಸೊರಗುತ್ತದೆ. ಗ್ರಾಮಸಭೆಯಲ್ಲಿ ರಸ್ತೆ, ನೀರು ಕೇಳುವವರು ಕಡಿಮೆಯಾಗುತ್ತಾರೆ. 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯಂತೆ ಒಬ್ಬರ ಹೆಸರು ಒಂದೇ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರಬೇಕು. ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಎನಿಸುವುದಿಲ್ಲ. ಊರಿನಲ್ಲಿ ಮನೆಯಿದ್ದರೂ ಮತ ಇಲ್ಲದಂತಾಗಬಹುದು.

ಹಾಗೆಂದು ಪೇಟೆಯ ಮನೆ ಬಿಡಿ ಎನ್ನಲಾರೆ. ಓದು, ಆಸ್ಪತ್ರೆ ಎಲ್ಲರಿಗೂ ಬೇಕು. ಆದರೆ ಮೂರು ಏರ್ಪಾಡು ಮಾಡಿಕೊಳ್ಳಬಹುದು.

1. ವರ್ಷದಲ್ಲಿ ತೋಟದಲ್ಲಿ ಇರಲೇಬೇಕಾದ ವಾರಗಳನ್ನು ಯುಗಾದಿಗೇ ಗುರುತುಹಾಕಿಕೊಳ್ಳಿ.

2. ಉಳಿದ ದಿನಗಳಿಗೆ ಮನೆಯವರಲ್ಲಿ ಒಬ್ಬರಿಗೋ ನಂಬಿಕೆಯ ರೈಟರಿಗೋ ಬೀಗದ ಕೈ, ಕೂಲಿಯ ಹಣ, ತೀರ್ಮಾನಿಸುವ ಅಧಿಕಾರ ಮೂರನ್ನೂ ಕೊಡಿ. ಕೆಲಸ ಒಪ್ಪಿಸಿ ಅಧಿಕಾರ ಕೊಡದಿದ್ದರೆ ಪ್ರಯೋಜನವಿಲ್ಲ.

3. ಗ್ರಾಮಸಭೆಗೂ ನಮ್ಮ ಸಂಘದ ಮಹಾಸಭೆಗೂ ತಪ್ಪದೆ ಬನ್ನಿ.

ದೂರದಲ್ಲಿದ್ದೂ ತೋಟ ಮಾಡಬಹುದು. ಊರು ನಡೆಯಬೇಕಾದರೆ ಮಾತ್ರ ಊರಲ್ಲಿ ಜನ ಇರಬೇಕು.

– ಕಾರ್ಯದರ್ಶಿ