ಅಂಚು ಕೊತಕೊತ, ನಡು ಮಂಜುಗಡ್ಡೆ

ಫ್ರೀಜರ್‌ನಿಂದ ತೆಗೆದ ಸಿದ್ಧ ಊಟದ ತಟ್ಟೆಯನ್ನು ನೇರವಾಗಿ ಮೈಕ್ರೋವೇವ್ ಒಲೆಗೆ ತಳ್ಳಿ, ಪೂರ್ತಿ ಪವರ್‌ನಲ್ಲಿ ನಾಲ್ಕು ನಿಮಿಷ ಓಡಿಸಿ ನೋಡಿ. ಅಂಚಿನಲ್ಲಿ ಗ್ರೇವಿ ಕೊತಕೊತ ಕುದಿಯುತ್ತಿರುತ್ತದೆ. ನಡುವಿಗೆ ಚಮಚ ಚುಚ್ಚಿದರೆ ಟಕ್ ಎನ್ನುತ್ತದೆ. ಹಸಿದು ಕೂತ ಮಕ್ಕಳಲ್ಲಿ ಒಬ್ಬ ಅಂಚಿನ ತುತ್ತಿಗೆ ನಾಲಿಗೆ ಸುಟ್ಟುಕೊಳ್ಳುತ್ತಾನೆ, ಇನ್ನೊಬ್ಬಳು ನಡುವಿನ ತುತ್ತನ್ನು ಉಗುಳುತ್ತಾಳೆ. ದುಡಿದು ದಣಿದು ಬಂದ ತಂದೆತಾಯಿ ಒಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಒಲೆ ಕೆಟ್ಟಿಲ್ಲ. ಅದಕ್ಕೆ ಮಂಜುಗಡ್ಡೆ ಕಂಡರೆ ಆಗುವುದಿಲ್ಲ, ಅಷ್ಟೇ.

ಈ ತಟ್ಟೆಯೂಟವನ್ನು ಮನೆಮಾತು ಮಾಡಿದ್ದು ಅಮೆರಿಕ. 1950ರ ದಶಕದ ಮೊದಲರ್ಧದಲ್ಲಿ ಒಮಾಹಾ ನಗರದ ಸ್ವಾನ್ಸನ್ ಕಂಪನಿ ‘ಟಿವಿ ಡಿನ್ನರ್’ ಹೆಸರಿನಲ್ಲಿ ಟರ್ಕಿ ಮಾಂಸ, ಬಟಾಣಿ, ಸಿಹಿಗೆಣಸನ್ನು ಒಂದೇ ತಟ್ಟೆಯಲ್ಲಿಟ್ಟು 98 ಸೆಂಟಿಗೆ ಮಾರಿತು. ತಟ್ಟೆ ಅಲ್ಯೂಮಿನಿಯಂನದು. ಮಾಮೂಲಿ ಓವನ್‌ನಲ್ಲಿ ಅರ್ಧ ಗಂಟೆಯ ಹತ್ತಿರ ಇಡಬೇಕಿತ್ತು. ನಿಧಾನವಾದರೂ ಬಿಸಿ ಒಳತನಕ ಇಳಿಯುತ್ತಿತ್ತು. ಮೈಕ್ರೋವೇವ್ ಮನೆಮನೆಗೂ ಬಂದ ಮೇಲೆ, 1986ರಲ್ಲಿ, ಲೋಹದ ತಟ್ಟೆ ಹೋಗಿ ಪ್ಲಾಸ್ಟಿಕ್ ಬಂತು.

ಹೆಪ್ಪುಗಟ್ಟಿಸುವ ವಿದ್ಯೆ ಇನ್ನೂ ಹಳೆಯದು. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್ ಒಂದನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಸೆಟೆದುಕೊಳ್ಳುವುದನ್ನೂ, ತಿಂಗಳುಗಳ ಮೇಲೆ ಕರಗಿಸಿದರೂ ತಾಜಾ ರುಚಿ ಉಳಿದಿರುವುದನ್ನೂ ಕಂಡ. ಗುಟ್ಟು ಇರುವುದು ವೇಗದಲ್ಲಿ. ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳ ಗೋಡೆ ಹರಿಯುತ್ತವೆ. ಕರಗಿಸಿದಾಗ ರಸ ಸೋರಿ ಆಹಾರ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣವು, ಹಾನಿಯೂ ಸಣ್ಣದು. ಬರ್ಡ್ಸ್‌ಐ ಆಹಾರದ ಪೊಟ್ಟಣಗಳನ್ನು ಕೊರೆಯುವ ಲೋಹದ ತಟ್ಟೆಗಳ ನಡುವೆ ಒತ್ತಿ ಹಿಡಿಯುವ ಯಂತ್ರ ಕಟ್ಟಿದ. 1930ರಲ್ಲಿ ಅವನ ಹೆಸರಿನ ಪೊಟ್ಟಣಗಳು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಿಗೆ ಬಂದವು.

ಇನ್ನು ಒಲೆಯ ಒಳಗೆ ಇಣುಕೋಣ. ಅದರ ಹೃದಯ ಮ್ಯಾಗ್ನೆಟ್ರಾನ್, ರೇಡಾರ್‌ಗಾಗಿ ಬೆಳೆದ ನಳಿಕೆ. ರೇಥಿಯಾನ್ ಕಂಪನಿ 1947ರಲ್ಲಿ ತಂದ ಮೊದಲ ಮೈಕ್ರೋವೇವ್ ಒಲೆ ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ! ಇಂದಿನ ಪುಟ್ಟ ಒಲೆಯಲ್ಲಿ ಅಲೆ ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತದೆ. ನೀರಿನ ಅಣುವಿಗೆ ಒಂದು ಬದಿ ಧನ, ಒಂದು ಬದಿ ಋಣ. ಅಲೆಯ ದಿಕ್ಕು ತಿರುಗಿದಂತೆಲ್ಲ ಅಣುವೂ ತಿರುಗಲು ಹೆಣಗುತ್ತದೆ, ಪಕ್ಕದವಕ್ಕೆ ಡಿಕ್ಕಿ ಹೊಡೆಯುತ್ತದೆ. ಆ ತಿಕ್ಕಾಟವೇ ಬಿಸಿ. ಮಂಜುಗಡ್ಡೆಯಲ್ಲಿ ಅಣುಗಳು ಚೌಕಟ್ಟಿಗೆ ಸಿಕ್ಕಿಕೊಂಡಿವೆ, ಅಲುಗಾಡಲು ಜಾಗವಿಲ್ಲ. ನೀರು ಹೀರುವ ಶಕ್ತಿಯ ಸಾವಿರದ ಒಂದು ಪಾಲನ್ನೂ ಅದು ಹೀರುವುದಿಲ್ಲ.

ಆದ್ದರಿಂದ ತಟ್ಟೆಯಲ್ಲಿ ಮೊದಲು ಕರಗಿದ ಜಾಗಕ್ಕೆ ಅದೃಷ್ಟ ಒಲಿಯುತ್ತದೆ. ಸಾಮಾನ್ಯವಾಗಿ ಅದು ಅಂಚು. ಅಲ್ಲಿ ನೀರಾಯಿತು, ನೀರು ಹೆಚ್ಚು ಹೀರಿತು, ಇನ್ನಷ್ಟು ಬಿಸಿಯಾಯಿತು. ಉಳ್ಳವನ ಮನೆಗೇ ದುಡ್ಡು ಹರಿದಂತೆ! ನಡುವಿನ ಪಾಡು ಬೇರೆ. ಸೊನ್ನೆ ಡಿಗ್ರಿಯ ಮಂಜುಗಡ್ಡೆ ಬರೀ ಕರಗಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಸಾಲದ್ದಕ್ಕೆ, ಕರಗಿದ ಆಹಾರದೊಳಗೆ ಅಲೆಗಳು ಇಳಿಯುವುದು ಕೆಲವೇ ಸೆಂಟಿಮೀಟರ್. ನಡುವಿಗೆ ಬಿಸಿ ಮುಟ್ಟಬೇಕಾದದ್ದು ಅಂಚಿನಿಂದ ಮೆಲ್ಲಗೆ ಹರಿದೇ.

ಡಿಫ್ರಾಸ್ಟ್ ಗುಂಡಿ ಮಾಡುವುದು ಇಷ್ಟನ್ನೇ: ಆ ಹರಿವಿಗೆ ಸಮಯ ಕೊಡುತ್ತದೆ. ಬಹಳಷ್ಟು ಒಲೆಗಳಲ್ಲಿ ಮ್ಯಾಗ್ನೆಟ್ರಾನ್ ಕೆಲವು ಸೆಕೆಂಡು ಉರಿದು, ಕೆಲವು ಸೆಕೆಂಡು ಸುಮ್ಮನಾಗುತ್ತದೆ. ಕಿವಿಗೊಟ್ಟರೆ ಗುಂಯ್‌ಗುಡುವ ಸದ್ದು ಏರಿಳಿಯುವುದು ಕೇಳಿಸುತ್ತದೆ. ಪೊಟ್ಟಣದ ಮೇಲೆ ‘ನಡುವೆ ಒಮ್ಮೆ ಕಲಕಿ, ಕೊನೆಗೆ ಎರಡು ನಿಮಿಷ ಬಿಡಿ’ ಎಂದು ಬರೆದಿರುವುದೂ ಇದಕ್ಕೇ. ಅವಸರದ ಮನೆಯಲ್ಲಿ ಮೊದಲು ಬಲಿಯಾಗುವ ಸಾಲು ಅದೇ. ನನ್ನ ಲೆಕ್ಕದಲ್ಲಿ ಅದು ಸೂಚನೆಯ ಬಾಲವಲ್ಲ, ಅಡುಗೆಯ ಅರ್ಧ ಭಾಗ.

ನ್ಯೂಜೆರ್ಸಿಯ ಕನ್ನಡದ ಮನೆಯಲ್ಲಿ ಭಾನುವಾರ ಮಾಡಿ ಫ್ರೀಜರ್‌ಗಿಟ್ಟ ಬಿಸಿಬೇಳೆಬಾತ್‌ಗೂ ಇದೇ ನಿಯಮ. ದಪ್ಪ ಮುದ್ದೆಯಾಗಿ ಬಿಸಿಮಾಡುವ ಬದಲು, ಸ್ವಲ್ಪ ಕರಗಿದೊಡನೆ ಬಿಡಿಸಿ, ನಡುವೆ ಗುಳಿ ಬಿಟ್ಟು ಬಳೆಯಾಕಾರಕ್ಕೆ ಹರಡಿ. ಆಗ ತಣ್ಣನೆಯ ನಡುವೇ ಇರುವುದಿಲ್ಲ. ನೆನಪಿರಲಿ, ಫ್ರೀಜರ್ ಬ್ಯಾಕ್ಟೀರಿಯಾಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಉಳಿದ ಅಡುಗೆಯನ್ನು ಮತ್ತೆ ಬಿಸಿಮಾಡುವಾಗ ಎಲ್ಲ ಕಡೆಯೂ 74 ಡಿಗ್ರಿ ಮುಟ್ಟಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಅಷ್ಟು ಬಿಸಿ ಮಕ್ಕಳ ಬಾಯಿಗೆ ಆಗದು. ಚೆನ್ನಾಗಿ ಕಲಕಿ, ಆರಲು ಬಿಟ್ಟು, ಒಂದು ತುತ್ತು ನೀವು ತಿಂದು ನೋಡಿ, ಆಮೇಲೆ ಬಡಿಸಿ.