ಸೆಮಿಸ್ಟರಿಗೆಂದು ಹೊರದೇಶಕ್ಕೆ ಹೋದ ಮಕ್ಕಳೊಡನೆ ಸಂಪರ್ಕ: ತಂದೆತಾಯಿಗಳಿಗೆ ಕೆಲವು ಸೂಚನೆಗಳು

ಈ ಪುಟಗಳಲ್ಲಿ ಸಾಮಾನ್ಯವಾಗಿ ಗೊಬ್ಬರ, ಔಷಧಿ, ಧಾರಣೆಗಳ ವಿಚಾರವೇ ಬರುವುದು ವಾಡಿಕೆ. ಈ ಸಲ ತೋಟದ ಹೊರಗಿನದಾದರೂ ತೋಟದ ಮನೆಗಳನ್ನೇ ಮುಟ್ಟುವ ಒಂದು ವಿಷಯವನ್ನು ಬೆಳೆಗಾರ ಬಾಂಧವರ ಮುಂದಿಡುತ್ತಿದ್ದೇವೆ. ಎರಡು ಮೂರು ಎಕರೆ ಹಿಡುವಳಿಯ ಮನೆಗಳ ಮಕ್ಕಳೂ ಈಗ ಇಂಜಿನಿಯರಿಂಗ್, ವಿಜ್ಞಾನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರಲ್ಲಿ ಕೆಲವರು ಕಾಲೇಜುಗಳ ನಡುವಿನ ಒಪ್ಪಂದದ ಮೇರೆಗೆ ಒಂದು ಸೆಮಿಸ್ಟರ್ ಅವಧಿಯನ್ನು ಹೊರದೇಶದಲ್ಲಿ ಕಳೆದು ಬರುವುದುಂಟು. ಹದಿನೆಂಟು ಹತ್ತೊಂಬತ್ತರ ಪ್ರಾಯದ ಮಗ ಅಥವಾ ಮಗಳು ಆರು ತಿಂಗಳು ಸಮುದ್ರದಾಚೆ ಇರುವಾಗ ಮನೆಯವರು ಹೇಗೆ, ಎಷ್ಟು ಸಂಪರ್ಕ ಇಟ್ಟುಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸಾಧನಕ್ಕೆ ಬರವಿಲ್ಲ

ಹೀಗೆ ಓದಿನ ಒಂದು ಭಾಗವನ್ನು ಪರದೇಶದಲ್ಲಿ ಮುಗಿಸುವ ಕ್ರಮ ಹೊಸದಲ್ಲ. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ 8 ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರೊಂದಿಗೆ ಹಡಗು ಹತ್ತಿ ಫ್ರಾನ್ಸಿಗೆ ಹೋಗಿದ್ದರು. ಅವರ ಕಾಗದಗಳೂ ಹಡಗಿನಲ್ಲೇ ಬರಬೇಕಿತ್ತು. ನಮ್ಮ ಕಡೆಯಲ್ಲೂ ಹಿಂದೆ ವಿದೇಶದಲ್ಲಿದ್ದವರ ಸುದ್ದಿ ನೀಲಿ ಏರೋಗ್ರಾಂನಲ್ಲಿ ಬರುತ್ತಿತ್ತು. ತೀರ ಅಗತ್ಯವಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ವಾಟ್ಸಾಪ್‌ನಲ್ಲಿ 2015ರಲ್ಲಿ ಮಾತಿನ ಕರೆಯೂ 2016ರಲ್ಲಿ ಮುಖ ನೋಡಿ ಮಾತಾಡುವ ಸೌಕರ್ಯವೂ ಬಂದಮೇಲೆ ಆ ಕಾಯುವಿಕೆ ಮುಗಿಯಿತು.

ಹೀಗಿದ್ದರೂ ಕೆಲವು ಮನೆಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಕರೆ ಮಾಡಿ ಮಗುವನ್ನು ದಣಿಸುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ತೋಟದ ಕೆಲಸದ ಭರದಲ್ಲಿ ಮೂರು ವಾರ ಮಾತೇ ಆಡಿರುವುದಿಲ್ಲ. ಆದುದರಿಂದ ಈಗ ಬೇಕಾಗಿರುವುದು ಸಾಧನವಲ್ಲ, ಹದ. ಕಾಫಿಗೆ ನೆರಳು ಬೇಕೇ ಬೇಕು. ಆದರೆ ನೆರಳು ದಟ್ಟವಾದರೆ ಗಿಡ ಬರಿದೆ ಎಲೆ ಬಿಟ್ಟು ಹೂ ಕಡಿಮೆ ಮಾಡುತ್ತದೆ. ಒಮ್ಮೆಲೇ ಬೋಳು ಮಾಡಿದರೆ ಬಿಸಿಲಿಗೆ ಸೊರಗುತ್ತದೆ. ಮರಗಸಿ ಮಾಡಿಸುವಾಗ ನಾವು ತೋರುವ ಎಚ್ಚರವೇ ಇಲ್ಲಿಯೂ ಬೇಕು.

ಅಲ್ಲಿಯ ಕತ್ತಲೆ, ಇಲ್ಲಿಯ ಕುಯ್ಲು

ಜರ್ಮನಿಯ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠಗಳು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ ಆರಂಭವಾಗಿ ಫೆಬ್ರವರಿಯವರೆಗೆ ನಡೆಯುತ್ತವೆ. ಡಿಸೆಂಬರ್ ನಡುವಿಗೆ ಬರ್ಲಿನ್ನಿನಲ್ಲಿ ಹಗಲೆಂಬುದು ಎಂಟು ಗಂಟೆಗಿಂತ ಕಡಿಮೆ. ಮಧ್ಯಾಹ್ನ ನಾಲ್ಕು ಗಂಟೆಯಾಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಕ್ರಿಸ್‌ಮಸ್ ಸಮಯದಲ್ಲಿ ಸುಮಾರು ಎರಡು ವಾರ ಪಾಠವಿಲ್ಲ. ಡಿಸೆಂಬರ್ 25 ಮತ್ತು 26ರಂದು ಅಂಗಡಿಗಳೂ ಮುಚ್ಚಿರುತ್ತವೆ. ಹಾಸ್ಟೆಲಿನ ಸ್ಥಳೀಯ ಹುಡುಗರು ತಮ್ಮ ತಮ್ಮ ಊರಿಗೆ ಹೋಗಿಬಿಡುತ್ತಾರೆ. ಮಲೆನಾಡಿನ ಬಿಸಿಲಿನಲ್ಲಿ, ಮನೆ ತುಂಬ ಜನರ ನಡುವೆ ಬೆಳೆದ ಮಗುವಿಗೆ ಒಂಟಿತನ ಹೆಚ್ಚಾಗಿ ಕಾಡುವ ಕಾಲ ಇದು.

ನಮ್ಮಲ್ಲಿ ಇದೇ ತಿಂಗಳುಗಳಲ್ಲಿ ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಅದರ ಬೆನ್ನಿಗೇ ಅರೇಬಿಕಾ ಕುಯ್ಲು, ಆಮೇಲೆ ರೋಬಸ್ಟಾ. ಬೆಳಿಗ್ಗೆ ಆಳು ಹೊಂದಿಸಬೇಕು, ಸಂಜೆ ಹಣ್ಣು ತೂಗಬೇಕು, ರಾತ್ರಿ ಪಲ್ಪರ್ ನೋಡಬೇಕು, ಕಣದಲ್ಲಿ ಹರಡಿದ್ದಕ್ಕೆ ಮೋಡ ಕವಿದರೆ ನಿದ್ದೆಯಿಲ್ಲ. ಎಂದರೆ ಮಗುವಿಗೆ ಮನೆಯ ಮಾತು ಹೆಚ್ಚು ಬೇಕಾದ ಕಾಲವೂ ನಮಗೆ ಪುರುಸೊತ್ತು ಇಲ್ಲದ ಕಾಲವೂ ಒಂದೇ. ಇದನ್ನು ಮೊದಲೇ ತಿಳಿದು, ಕುಯ್ಲಿನ ಕೆಲಸಗಳ ಪಟ್ಟಿಯಲ್ಲೇ ವಾರದ ಕರೆಯನ್ನೂ ಸೇರಿಸಿಕೊಳ್ಳುವುದು ಜಾಣತನ.

ಮೊದಲ ವಾರಗಳ ಸ್ವಭಾವ

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪರದೇಶಕ್ಕೆ ಹೋದವರ ಮನಸ್ಸು ಹಾದುಹೋಗುವ ಹಂತಗಳನ್ನು ವಿವರಿಸಿದ್ದಾರೆ. ಮೊದಲು ಎಲ್ಲವೂ ಚೆಂದವೆನಿಸುವ ಕಾಲ. ಬಳಿಕ ಊಟ, ಭಾಷೆ, ಜನ ಯಾವುದೂ ಒಗ್ಗದೆ ಬೇಸರಪಡುವ ಕಾಲ. ಆಮೇಲೆ ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಾಣಿಕೆ. ಎಲ್ಲರಿಗೂ ಇದೇ ಕ್ರಮವೆಂದಲ್ಲ. ಕೆಲವರಿಗೆ ಮೊದಲ ದಿನವೇ ಅಳು ಬರಬಹುದು. ಆದರೆ ಮೊದಲ ವಾರ ನಗುನಗುತ್ತಾ ಫೋಟೋ ಕಳಿಸಿದ ಮಗಳು ಐದನೆಯ ವಾರದಲ್ಲಿ "ವಾಪಸು ಬರುತ್ತೇನೆ" ಎಂದರೆ ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ಆ ಹೊತ್ತಿಗೆ ಕೂಡಲೇ ಟಿಕೆಟು ತೆಗೆಯುವುದೂ ಬೇಡ, ಗದರುವುದೂ ಬೇಡ. ಪೂರ್ತಿ ಕೇಳಿಸಿಕೊಂಡು, ಎರಡು ದಿನ ಬಿಟ್ಟು ಮತ್ತೆ ಮಾತಾಡೋಣ ಎಂದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಗಡಿಯಾರದ ಲೆಕ್ಕ

ಕರೆಯ ಹೊತ್ತು ಗೊತ್ತುಮಾಡುವ ಮೊದಲು ಸಮಯದ ವ್ಯತ್ಯಾಸ ತಿಳಿದಿರಬೇಕು. ಜರ್ಮನಿಯು ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಿಸುತ್ತಾರೆ. ನಮ್ಮ ರಾತ್ರಿ 8-30 ಎಂದರೆ ಅಲ್ಲಿ ಚಳಿಗಾಲದಲ್ಲಿ ಸಂಜೆ 4 ಗಂಟೆ, ಬೇಸಿಗೆಯಲ್ಲಿ 5 ಗಂಟೆ. ನ್ಯೂಯಾರ್ಕ್ ಕಡೆಯಾದರೆ ನಮ್ಮ ರಾತ್ರಿ 8-30ಕ್ಕೆ ಅಲ್ಲಿ ಅದೇ ದಿನ ಬೆಳಿಗ್ಗೆ 10 ಅಥವಾ 11. ಆದುದರಿಂದ ಭಾನುವಾರವೇ ಅನುಕೂಲ. ಆಸ್ಟ್ರೇಲಿಯದ ಸಿಡ್ನಿ ನಮಗಿಂತ ನಾಲ್ಕೂವರೆ ಅಥವಾ ಐದೂವರೆ ಗಂಟೆ ಮುಂದೆ. ಅಲ್ಲಿಗೆ ನಮ್ಮ ಮಧ್ಯಾಹ್ನದ ಊಟದ ಹೊತ್ತು ಸರಿ. ಎರಡು ಊರಿನ ಹೊತ್ತನ್ನೂ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅಜ್ಜಿಗೂ ಲೆಕ್ಕ ಸಿಗುತ್ತದೆ.

ಎಷ್ಟು ಸಲ, ಏನು ಮಾತು

ವಾರಕ್ಕೊಂದು ನಿಶ್ಚಿತ ಕರೆ, ನಡುವೆ ಎರಡು ಮೂರು ಚಿಕ್ಕ ಸಂದೇಶ: ಇದನ್ನು ಆರಂಭದ ಕ್ರಮವಾಗಿ ಇಟ್ಟುಕೊಳ್ಳಬಹುದು. ಮೊದಲ ಎರಡು ವಾರ ಮತ್ತು ಕ್ರಿಸ್‌ಮಸ್ ರಜೆಯಲ್ಲಿ ಇನ್ನಷ್ಟು ಹೆಚ್ಚಿರಲಿ. ನಿಶ್ಚಯಿಸಿದ ಕರೆಯನ್ನು ಮಾತ್ರ ನಾವು ತಪ್ಪಿಸಬಾರದು. ಹಣ್ಣು ತೂಗುವುದು ತಡವಾದರೆ ಹತ್ತು ಮಾತಿನ ಸಂದೇಶವಾದರೂ ಹೋಗಲಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಮನೆಯವರಿಗೆ ಧ್ವನಿ ಸಂದೇಶ ಬಹಳ ಉಪಯುಕ್ತ. ಮನೆಯಲ್ಲೇ ಮಾತಾಡಿ ಕಳಿಸಿಟ್ಟರೆ ಸಿಗ್ನಲ್ ಬಂದಾಗ ತಾನಾಗಿ ಹೋಗುತ್ತದೆ. ಮಗುವೂ ಬೇಕೆನಿಸಿದಾಗ ಮತ್ತೆ ಮತ್ತೆ ಕೇಳಬಹುದು.

ಮಾತು ಲೆಕ್ಕ ಕೇಳಿದಂತಾಗಬಾರದು. "ಊಟ ಆಯಿತೇ, ಓದಿದೆಯಾ, ಎಷ್ಟು ಖರ್ಚಾಯಿತು" ಎಂಬ ಮೂರೇ ಪ್ರಶ್ನೆಗಳಾದರೆ ಉತ್ತರಗಳೂ ಮೂರೇ ಪದ. ಹಣಕಾಸಿನ ವಿಚಾರಕ್ಕೆ ತಿಂಗಳಿಗೊಂದು ಬೇರೆ ದಿನ ಇಟ್ಟುಕೊಂಡರೆ ಉಳಿದ ಕರೆಗಳು ಹಗುರವಾಗುತ್ತವೆ. ಮಕ್ಕಳು ಮನೆಯ ಸಣ್ಣ ಸುದ್ದಿಗೆ ಹಂಬಲಿಸುತ್ತಾರೆ: ಹಸು ಕರು ಹಾಕಿದ್ದು, ಬಾವಿಕಟ್ಟೆಯ ಹಲಸಿನಲ್ಲಿ ಮಿಡಿ ಬಿಟ್ಟದ್ದು, ಹೂಮಳೆ ಎಷ್ಟು ಇಂಚು ಬಂತೆಂಬುದು. ಅದನ್ನು ನಾವು ಮೊದಲು ಹೇಳಿದರೆ ಅವರ ಕಡೆಯ ಸುದ್ದಿ ತಾನಾಗಿ ಬರುತ್ತದೆ. ಅಡಿಗೆ ಕಲಿಸಲೂ ಕರೆ ಒಳ್ಳೆಯ ನೆಪ. ಸಾರು ಕುದಿಯುವ ಹೊತ್ತಿನಲ್ಲಿ ಹುಡುಗರು ಬೇರೆ ವೇಳೆಯಲ್ಲಿ ಹೇಳದ ಮಾತನ್ನೂ ಹೇಳಿಬಿಡುತ್ತಾರೆ.

ಇನ್ನೊಂದು ವಿಷಯ. ಮಗ ವಾಟ್ಸಾಪ್‌ನಲ್ಲಿ ಕೊನೆಯ ಬಾರಿ ಯಾವಾಗ ಕಾಣಿಸಿಕೊಂಡ, ಸಂದೇಶಕ್ಕೆ ನೀಲಿ ಗೆರೆ ಬಿತ್ತೇ ಎಂದು ನೋಡುತ್ತಾ ಕೂರುವುದು ಸಂಪರ್ಕವಲ್ಲ, ಕಾವಲು. ಫೋನಿನ ಮೂಲಕ ಅವರಿರುವ ಜಾಗವನ್ನು ನೋಡುವ ಏರ್ಪಾಡು ಬೇಕೆನಿಸಿದರೆ ಅವರನ್ನು ಕೇಳಿ, ಅವರ ಒಪ್ಪಿಗೆಯಿಂದಲೇ ಮಾಡಿಕೊಳ್ಳತಕ್ಕದ್ದು.

ನಮ್ಮ ಕಡೆಯ ಮೌನ

ದಿಗಿಲು ಒಂದೇ ಕಡೆಯದಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನ ಬೇಸಿಗೆ ಸೆಮಿಸ್ಟರಿಗೆ ಹೋದ ಮಕ್ಕಳು ಅಲ್ಲಿರುವಾಗ ಇಲ್ಲಿ ಮಳೆಗಾಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಹಾಗೆಯೇ ಆದಾಗ, ರಸ್ತೆ, ಕರೆಂಟು, ಫೋನು ಎಲ್ಲವೂ ಕಡಿದುಹೋಗಿ, ಹೊರಗಿದ್ದವರು ಊರಿನ ಹೆಸರನ್ನು ಸುದ್ದಿಯಲ್ಲಿ ಮಾತ್ರ ನೋಡುವಂತಾಯಿತು. ಅಷ್ಟು ದೊಡ್ಡ ಅನಾಹುತವಿಲ್ಲದ ವರ್ಷವೂ ಕರೆಂಟು ಎರಡು ದಿನ ಇಲ್ಲದಿದ್ದರೆ ಟವರ್ ಮಲಗುತ್ತದೆ. ನಮಗೆ ಅದು ಮಾಮೂಲು. ಸಮುದ್ರದಾಚೆ ಕುಳಿತ ಮಗುವಿಗಲ್ಲ.

ಆದುದರಿಂದ ಮಳೆ ಹಿಡಿಯುವ ಮುನ್ನವೇ, "ಎರಡು ದಿನ ಸುದ್ದಿಯಿಲ್ಲದಿದ್ದರೆ ಕರೆಂಟು ಹೋಗಿದೆ ಎಂದು ತಿಳಿ, ಮೂರನೆಯ ದಿನ ಪೇಟೆಯ ಚಿಕ್ಕಪ್ಪನಿಗೆ ಕರೆ ಮಾಡು" ಎಂಬಂಥ ಒಂದು ಮಾತು ಆಗಿರಬೇಕು. ಆ ಬಂಧುವಿನ ಫೋನು ನಮ್ಮದಕ್ಕಿಂತ ಬೇರೆ ಕಂಪನಿಯದಾಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಹಿರಿಯರಿಗೆ ಕಾಯಿಲೆಯಾದರೆ ಮುಚ್ಚಿಡುವುದೂ ಸರಿಯಲ್ಲ. ಒಮ್ಮೆ ಮುಚ್ಚಿಟ್ಟದ್ದು ತಿಳಿದರೆ ಮುಂದೆ ನಾವು "ಎಲ್ಲ ಕ್ಷೇಮ" ಎಂದರೂ ಮಗು ನಂಬದು.

ಕಾಲೇಜು ನಮಗೆ ತಿಳಿಸದು

ನಮ್ಮಲ್ಲಿ ಹಾಜರಿ ಕಡಿಮೆಯಾದರೆ ಕಾಲೇಜಿನಿಂದ ತಂದೆಗೆ ಪತ್ರ ಬರುವುದುಂಟು. ಅಲ್ಲಿ ಹಾಗಲ್ಲ. ಜರ್ಮನಿಯಲ್ಲಿ 18 ತುಂಬಿದವರು ವಯಸ್ಕರು; ಅವರ ಅಂಕ, ಹಾಜರಿ, ಆರೋಗ್ಯದ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೆ ಕೊಡುವುದಿಲ್ಲ. ಅಮೆರಿಕದಲ್ಲಿಯೂ 1974ರ ಕಾಯಿದೆಯೊಂದರ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಎಂದರೆ ಮಗುವಿನ ಸ್ಥಿತಿ ನಮಗೆ ತಿಳಿಯುವ ಮುಖ್ಯ ದಾರಿ ಮಗುವೇ. ಗದರಿಕೆಯಿಂದ ಆ ದಾರಿ ಮುಚ್ಚಿದರೆ ಬೇರೆ ದಾರಿ ಸಿಗುವುದು ಕಷ್ಟ. ತುರ್ತಿನಲ್ಲಿ ಯಾರಿಗೆ ತಿಳಿಸಬೇಕೆಂದು ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಕಚೇರಿಯಲ್ಲಿ ನಮ್ಮ ಹೆಸರು, ನಂಬರು ಬರೆಸಿಡಲು ಹೊರಡುವ ಮುನ್ನವೇ ಹೇಳಬೇಕು.

ಕೆಲವು ಲಕ್ಷಣಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ವಾರಗಟ್ಟಲೆ ಮುಖ ತೋರಿಸದಿರುವುದು, ಪಾಠಕ್ಕೆ ಹೋಗದಿರುವುದು, ಹಗಲು ನಿದ್ದೆ ರಾತ್ರಿ ಎಚ್ಚರ, ಊಟ ಬಿಡುವುದು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು, ಇವು ಕಂಡರೆ ಸುತ್ತುಬಳಸದೆ ನೇರವಾಗಿ ಕೇಳಬೇಕು, ಕೇಳಿದರೆ ಕೆಡುಕಾಗುವುದಿಲ್ಲ. ಜರ್ಮನಿಯ ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಮನಸ್ಸಿನ ತೊಂದರೆಗೆ ಸಲಹೆ ಪಡೆಯುವ ಏರ್ಪಾಡಿದೆ. ಅಲ್ಲಿಗೆ ಹೋಗಲು ಒತ್ತಾಯಿಸಿ ಹೇಳಬೇಕು. ಜೀವಕ್ಕೆ ಅಪಾಯವೆನಿಸಿದರೆ ಕಾಯದೆ ಜೊತೆಯವರ ಮೂಲಕ ತುರ್ತು ಸಹಾಯ ಕರೆಸಬೇಕು. ಇಲ್ಲಿರುವ ತಂದೆತಾಯಿಗಳಿಗೇ ಚಿಂತೆ ತಾಳಲಾಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸೇವೆಯ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೋಸದ ಕರೆಗಳು

"ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಕೂಡಲೇ ಹಣ ಕಳಿಸಿ" ಎಂದು ಹೆದರಿಸಿ ಹಣ ಕೀಳುವ ಜಾಲಗಳಿವೆ. ಮಗುವಿನ ಧ್ವನಿಯನ್ನೇ ಯಂತ್ರದಿಂದ ಅನುಕರಿಸಿ ಅಳುವಂತೆ ಕೇಳಿಸುವುದೂ ಈಗ ಸಾಧ್ಯ. ಆದುದರಿಂದ ಮನೆಯವರಿಗೆ ಮಾತ್ರ ತಿಳಿದ ಒಂದು ಗುಟ್ಟಿನ ಪದ ಇರಲಿ, ಉದಾಹರಣೆಗೆ ಹಳೆಯ ನಾಯಿಯ ಹೆಸರು. ಅಂಥ ಕರೆ ಬಂದರೆ ಪದ ಕೇಳಿ, ಫೋನಿಟ್ಟು, ಮಗುವಿನ ನಂಬರಿಗೆ ನಾವೇ ಕರೆ ಮಾಡಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಹೊರಡುವ ಮುನ್ನ ಬರೆದಿಡಬೇಕಾದದ್ದು

1. ಮಗುವಿನ ವಿಳಾಸ, ಕೋಣೆಯ ಸಂಖ್ಯೆ, ಅಲ್ಲಿಯ ಫೋನ್ ನಂಬರು ಮತ್ತು ಇಬ್ಬರು ಸ್ನೇಹಿತರ ನಂಬರು.
2. ಪಾಸ್‌ಪೋರ್ಟ್, ವೀಸಾ, ಆರೋಗ್ಯ ವಿಮೆಗಳ ಪ್ರತಿ. ಒಂದು ಮನೆಯಲ್ಲಿ, ಒಂದು ಮಗುವಿನ ಬಳಿ.
3. ಭಾರತದ ಸಿಮ್ ಕಾರ್ಡನ್ನು ರೀಚಾರ್ಜ್ ಮಾಡಿಸಿ ಜೀವಂತವಾಗಿಡುವುದು. ಬ್ಯಾಂಕಿನ ಓಟಿಪಿ ಅದಕ್ಕೇ ಬರುತ್ತದೆ.
4. ಯುರೋಪಿನ ಒಕ್ಕೂಟದ ದೇಶಗಳಲ್ಲಿ ತುರ್ತು ಕರೆ 112, ಅಮೆರಿಕದಲ್ಲಿ 911.
5. ಭಾರತದ ರಾಯಭಾರ ಕಚೇರಿಯ ನಂಬರು. ಜರ್ಮನಿಯಲ್ಲಿ ಅದು ಬರ್ಲಿನ್ನಿನಲ್ಲಿದೆ. ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟುಗಳಿವೆ. ವಿದೇಶಾಂಗ ಇಲಾಖೆ 2015ರಲ್ಲಿ ಆರಂಭಿಸಿದ ಮದದ್ ಎಂಬ ಜಾಲತಾಣದಲ್ಲಿ ವಿದ್ಯಾರ್ಥಿಗಳು ಹೆಸರು ನೋಂದಾಯಿಸಬಹುದು.

ಆರು ತಿಂಗಳ ನಂತರ ಮನೆಗೆ ಬರುವ ಮಗು ಹೋದಾಗಿನ ಮಗುವೇ ಆಗಿರುವುದಿಲ್ಲ. ತಾನೇ ಅಡಿಗೆ ಮಾಡಿ, ತಾನೇ ಕಾಗದಪತ್ರ ನೋಡಿಕೊಂಡು ಅಭ್ಯಾಸವಾಗಿರುತ್ತದೆ. ಮೊದಲ ಕೆಲವು ವಾರ ಮಾತಿನಲ್ಲಿ ಬಿರುಸು, ಊರಿನ ಬಗೆಗೆ ಅಸಮಾಧಾನ ಕಾಣಬಹುದು, ಅದೂ ಇಳಿಯುತ್ತದೆ. ವಾರದ ಕರೆ ಸರಿಯಾಗಿ ನಡೆದಿದ್ದ ಮನೆಗಳಲ್ಲಿ ಈ ಬದಲಾವಣೆ ಯಾರಿಗೂ ಆಶ್ಚರ್ಯ ತರುವುದಿಲ್ಲ, ಏಕೆಂದರೆ ಅದು ಒಂದೊಂದೇ ಭಾನುವಾರವಾಗಿ ಅವರ ಕಿವಿಗೆ ಬಿದ್ದಿರುತ್ತದೆ. ಮಕ್ಕಳನ್ನು ಕಳಿಸುವ ಸಿದ್ಧತೆಯಲ್ಲಿರುವ ಸದಸ್ಯರು, ಈಗಾಗಲೇ ಕಳಿಸಿ ಕರೆಸಿಕೊಂಡ ಸದಸ್ಯರನ್ನು ಕಂಡು ಮಾತಾಡಬೇಕೆಂದು ಕೋರುತ್ತೇವೆ.