ಪಪ್ಪಾಯಿಯಿಂದ ಇನ್ಸುಲಿನ್‌ವರೆಗೆ

ಬೆಂಗಳೂರಿನ ವಿಜಯನಗರದ ಹೊಸಹಳ್ಳಿ ಮೆಟ್ರೊ ನಿಲ್ದಾಣದ ಆಸುಪಾಸಿನ ಮೆಡಿಕಲ್ ಶಾಪಿನಲ್ಲಿ ಚೀಟಿ ತೋರಿಸಿದರೆ ಸಾಕು, ಫ್ರಿಜ್ಜಿನಿಂದ ಇನ್ಸುಲಿನ್ ಸೀಸೆ ಕೈಗೆ ಬರುತ್ತದೆ. ನೂರೈದು ವರ್ಷಗಳ ಹಿಂದೆ ಜಗತ್ತಿನ ಯಾವ ಶ್ರೀಮಂತನಿಗೂ ಇದು ಸಿಗುತ್ತಿರಲಿಲ್ಲ.

ಮಧುಮೇಹ ಮಾತ್ರ ಬಹಳ ಹಳೆಯ ಕಾಯಿಲೆ. ಆಯುರ್ವೇದದ ಚರಕನಿಗೆ ಸ್ಥೂಲಕಾಯದ ರೋಗಿಯೂ ಕೃಶನಾದ ರೋಗಿಯೂ ಬೇರೆ ಬೇರೆ ಎಂಬುದು ಗೊತ್ತಿತ್ತು. ಇಬ್ಬರಿಗೂ ಒಂದೇ ಚಿಕಿತ್ಸೆ ಸಲ್ಲದೆಂದೂ ತಿಳಿದಿತ್ತು. ಮೂಲವಿರುವುದು ಮೇದೋಜೀರಕ ಗ್ರಂಥಿಯಲ್ಲಿ ಎಂಬುದು ಬಯಲಾದದ್ದು 1889ರಲ್ಲಿ. ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಆ ಗ್ರಂಥಿಯನ್ನು ತೆಗೆದ ನಾಯಿಗೆ ಮಧುಮೇಹ ಬಂತು. ಆದರೂ ಈ ಕಾಯಿಲೆಯ ಮಕ್ಕಳಿಗೆ ಮದ್ದು ಇರಲಿಲ್ಲ. ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಆಯುಸ್ಸು ಎಳೆಯುವುದೇ ವೈದ್ಯರಿಗೆ ಉಳಿದಿದ್ದ ದಾರಿ. ಆ ಮಕ್ಕಳ ಹಳೆಯ ಫೋಟೊಗಳನ್ನು ನೋಡಲಾಗದು, ಅಷ್ಟು ಎಲುಬುಗೂಡು.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ಸಾರವಾದ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಹಿಡಿಸಲಿಲ್ಲ. ತಂಡದ ಕಾಲಿಪ್ ಶುದ್ಧೀಕರಿಸಿಕೊಟ್ಟ ಎರಡನೆಯದು ಹುಡುಗನನ್ನು ಉಳಿಸಿತು. ಸಂಶೋಧಕರು ಪೇಟೆಂಟನ್ನು ತಲಾ ಒಂದೇ ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆಮೇಲೆ ದಶಕಗಳ ಕಾಲ ಹಂದಿ ಮತ್ತು ದನಗಳ ಗ್ರಂಥಿಯೇ ಕಚ್ಚಾವಸ್ತು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು.

ಬೆಂಗಳೂರಿನ ಪಾತ್ರ ಇಲ್ಲಿಂದ ಮುಂದಿನದು. 1978ರಲ್ಲಿ ಕಿರಣ್ ಮಜುಂದಾರ್ ಷಾ ಶುರುಮಾಡಿದ ಬಯೋಕಾನ್, ಮೊದಲಿಗೆ ಪಪ್ಪಾಯಿಯಿಂದ ಕಿಣ್ವ ತೆಗೆಯುತ್ತಿತ್ತು. ಮುಂದೆ ಹುದುಗುವಿಕೆಯಲ್ಲೂ ಪಳಗಿದ ಅದೇ ಕಂಪನಿ 2004ರಲ್ಲಿ ಯೀಸ್ಟ್ ಬಳಸಿ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಹೊರದೇಶದಿಂದ ಬರಬೇಕಿದ್ದ ಮದ್ದು ನಮ್ಮೂರಲ್ಲೇ ಸಿದ್ಧವಾದದ್ದು ಈ ನಗರದ ಐಟಿ ಕಥೆಗಿಂತ ಕಡಿಮೆ ಹೆಮ್ಮೆಯದಲ್ಲ.

ಆದರೆ ಮದ್ದು ಕೈಗೆಟುಕುವ ಹೊತ್ತಿಗೆ ಕಾಯಿಲೆ ಇನ್ನೂ ಮುಂದೆ ಓಡಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ; 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಧುಮೇಹಿಗಳಲ್ಲಿ ಬಹುಪಾಲು ಜನರದು ಎರಡನೇ ಬಗೆಯ (ಟೈಪ್ 2) ಮಧುಮೇಹ. ಹಲವರಿಗೆ ಮಾತ್ರೆ, ಊಟದ ಹಿಡಿತ, ನಡಿಗೆಯೇ ಸಾಕಾಗುತ್ತದೆ.

‘ಶುಗರ್ ಸ್ವಲ್ಪ ಜಾಸ್ತಿ ಇದೆ ಅಷ್ಟೆ’ ಎಂದು ಸುಮ್ಮನಿರುವವರ ದೇಹದೊಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ. ಪಾದದ ನರ ಜಡವಾದರೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಗಾಯ ಕೀವಾಗಿ, ಬೆರಳು ಕತ್ತರಿಸುವವರೆಗೂ ಹೋಗುತ್ತದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಸಕ್ಕರೆ ಹತೋಟಿಯಲ್ಲಿದೆಯೇ ಎಂದು ತೋರಿಸುತ್ತದೆ; ವರ್ಷಕ್ಕೊಮ್ಮೆ ಕಣ್ಣು ಮತ್ತು ಪಾದದ ತಪಾಸಣೆಗಳು ಅಲ್ಲಿನ ಹಾನಿಯನ್ನು ಬೇಗ ಹಿಡಿಯುತ್ತವೆ.